ಗುಡಿಸಿದ ಮನೆಯಲ್ಲಿ ಯಾರಿಗೆ ಸ್ಥಳ?

ತಪಸ್ಸು ಕಾಲ ಆರಂಭವಾಯಿತೆಂದರೆ ನಮ್ಮ ಸೀಮೆಯಲ್ಲಿ ಪೊರಕೆಗೂ ಸುಣ್ಣದ ಕುಂಚಕ್ಕೂ ಬಿಡುವಿರುವುದಿಲ್ಲ. ಹೆಚ್ಚಿನ ವರ್ಷಗಳಲ್ಲಿ ಯುಗಾದಿಯೂ ಇದೇ ದಿನಗಳಲ್ಲಿ ಇಲ್ಲವೇ ಇದರ ಆಸುಪಾಸಿನಲ್ಲಿ ಬರುವುದರಿಂದ, ನೆರೆಮನೆಯವರು ಧೂಳು ಹೊಡೆದು, ಪಾತ್ರೆಪಡಗಗಳನ್ನು ಅಂಗಳಕ್ಕೆ ತಂದು ತೊಳೆಯುವ ಹೊತ್ತಿಗೆ ನಾವೂ ಪಾಸ್ಖ ಹಬ್ಬದ ನೆಪದಲ್ಲಿ ಅಟ್ಟ ಹತ್ತಿರುತ್ತೇವೆ. ತಾಂಡ್ಯ ಕೈಗಾರಿಕಾ ಪ್ರದೇಶದ ಸುತ್ತಮುತ್ತ ದುಡಿಮೆಗೆಂದು ಬಂದು ನೆಲೆಸಿದ ಕುಟುಂಬಗಳಿಗಂತೂ ಈ ಕೆಲಸ ವರ್ಷಕ್ಕೊಮ್ಮೆ ಮುಗಿಯುವುದಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಮಂಚದ ಕೆಳಗೂ ಬೀರುವಿನ ಮೇಲೂ ಸಾಮಾನು. ಮನೆ ಬದಲಾಯಿಸುವಾಗಲೆಲ್ಲ ಇಡುವುದೇನು, ಬಿಡುವುದೇನು ಎಂಬ ಚರ್ಚೆ ಗಂಡಹೆಂಡಿರ ನಡುವೆ ನಡೆದೇ ತೀರುತ್ತದೆ. ಇದು ಗೃಹಕೃತ್ಯದ ಮಾತು, ಇದಕ್ಕೂ ವಿಶ್ವಾಸಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ಸಂಬಂಧ ಬಹಳವಿದೆ ಎಂಬುದು ನಮ್ಮ ಅಭಿಪ್ರಾಯ.

ಶುಭಸಂದೇಶದಲ್ಲಿ ಮನೆ ಗುಡಿಸುವ ಪ್ರಸ್ತಾಪ ಎರಡು ಸಂದರ್ಭಗಳಲ್ಲಿ ಬರುತ್ತದೆ. ಸಂತ ಲೂಕನ 15ನೇ ಅಧ್ಯಾಯದ ಹೆಂಗಸು ತನ್ನ ಹತ್ತು ಬೆಳ್ಳಿನಾಣ್ಯಗಳಲ್ಲಿ ಒಂದು ಕಳೆದುಹೋದಾಗ ದೀಪ ಹಚ್ಚಿ, ಮೂಲೆಮೂಲೆಯನ್ನು ಗುಡಿಸಿ, ಅದು ಸಿಕ್ಕಿದ ಮೇಲೆ ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾಳೆ. ಸಂತ ಮತ್ತಾಯನ 12ನೇ ಅಧ್ಯಾಯದಲ್ಲಿರುವ ಮನೆಯ ಕಥೆ ಬೇರೆ. ಅದನ್ನೂ ಗುಡಿಸಿದ್ದಾರೆ, ಓರಣವಾಗಿ ಇಟ್ಟಿದ್ದಾರೆ. ಆದರೆ ಒಳಗೆ ಯಾರೂ ಇಲ್ಲ. ಬಿಟ್ಟುಹೋದ ದುರಾತ್ಮ ತನಗಿಂತಲೂ ಕೆಟ್ಟ ಏಳು ದುರಾತ್ಮಗಳನ್ನು ಜೊತೆಗೆ ಕರೆತಂದು ಅಲ್ಲೇ ಬೀಡುಬಿಡುತ್ತದೆ. ಇಂದಿನ ನಮ್ಮ ಶುಚೀಕರಣ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಹಳೆಯದನ್ನು ಹೊರಹಾಕುವುದೇ ಹೊಸದನ್ನು ತುಂಬುವುದಕ್ಕೆ. ಬೀರುವಿನ ಒಂದು ಅರೆ ಖಾಲಿಯಾದ ವಾರದಲ್ಲೇ ಮೊಬೈಲಿನಲ್ಲಿ ಕೊಂಡ ಸರಕಿನ ರಟ್ಟಿನ ಪೆಟ್ಟಿಗೆಗಳು ಬಾಗಿಲಿಗೆ ಬಂದಿಳಿಯುತ್ತವೆ. ಏಳು ದುರಾತ್ಮಗಳೂ ಈಗ ಮನೆ ಬಾಗಿಲಿಗೇ ತಲುಪಿಸುವ ವ್ಯವಸ್ಥೆಯಲ್ಲಿ ಬರುತ್ತವೆ ಎಂದರೆ ವಾಚಕರು ಸಿಟ್ಟಾಗಬಾರದು.

ಕಥೋಲಿಕರ ಅಟ್ಟದಲ್ಲಿ ವಿಶೇಷವಾದ ಒಂದು ತೊಡಕಿದೆ. ಮಣಿ ಉದುರಿದ ಜಪಮಾಲೆ, ಕೈ ಮುರಿದ ಮಾತೆಯ ಪ್ರತಿಮೆ, ಗಾಜು ಒಡೆದ ಪವಿತ್ರ ಹೃದಯದ ಪಟ, ವೇಳಾಂಗಣ್ಣಿಯಿಂದ ತಂದು ಅರ್ಧ ಉಳಿದ ಎಣ್ಣೆಯ ಸೀಸೆ, ಕಳೆದ ನಾಲ್ಕೈದು ಗರಿಗಳ ಭಾನುವಾರಗಳ ಒಣಗಿದ ಗರಿಶಿಲುಬೆಗಳು. ಎಸೆಯಲು ಕೈ ಬಾರದು, ಇಡಲು ಜಾಗವಿಲ್ಲ. ಕಡೆಗೆ ಇವೆಲ್ಲ ಒಂದು ಪ್ಲಾಸ್ಟಿಕ್ ಚೀಲ ಸೇರಿ, ಯಾರೂ ನೋಡದ ಹೊತ್ತಿನಲ್ಲಿ ದೇವಾಲಯದ ಆವರಣದ ಮಾತೆಯ ಗವಿಯ ಪಕ್ಕದಲ್ಲೋ ಶಿಲುಬೆಯ ಕಟ್ಟೆಯ ಮೇಲೋ ಪ್ರತ್ಯಕ್ಷವಾಗುತ್ತವೆ. ಗುರುಗಳು ಮರುದಿನ ಬೆಳಿಗ್ಗೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಇನ್ನು ಕೆಲವರು ಹೊಳೆಗೆ ಬಿಡುವುದೇ ಗೌರವವೆಂದು ತಿಳಿದು ಕಪಿಲೆಗೆ ಬಿಡುತ್ತಾರೆ.

ಹೊಳೆಯ ಮಾತನ್ನು ಇಲ್ಲಿಯೇ ಆಡಿ ಮುಗಿಸುವುದು ಒಳ್ಳೆಯದು. ನಂಜನಗೂಡಿನ ಸ್ನಾನಘಟ್ಟದಲ್ಲಿ ಯಾತ್ರಿಕರು ಬಿಟ್ಟುಹೋಗುವ ಬಟ್ಟೆಗಳನ್ನು ಕಂಡು ಮೂಗು ಮುರಿಯುವ ನಾವು, ನಮ್ಮ ಮುರಿದ ಪ್ರತಿಮೆಯನ್ನು ಅದೇ ನೀರಿಗೆ ಬಿಟ್ಟರೆ ಹೇಳುವ ಬಾಯಿ ಉಳಿಯುವುದಿಲ್ಲ. ಈಗಿನ ಪ್ರತಿಮೆಗಳಲ್ಲಿ ಬಹುಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದಲೋ ಫೈಬರ್‌ನಿಂದಲೋ ಆದವು. ನೀರಿನಲ್ಲಿ ಸುಲಭವಾಗಿ ಕರಗುವಂಥವಲ್ಲ, ಮೇಲಿನ ಬಣ್ಣವಂತೂ ವಿಷ. ಮೂರ್ತಿ ವಿಸರ್ಜನೆ ಕುರಿತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡವೆಂದು ಹೇಳುತ್ತದೆ. ಅದು ಗಣೇಶನ ಹಬ್ಬದವರಿಗೆ ಮಾತ್ರ ಎಂದು ನಾವು ಕಿವಿ ಮುಚ್ಚಿಕೊಳ್ಳುವಂತಿಲ್ಲ. ಕಪಿಲೆ ಇಲ್ಲಿಂದ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ; ನಾವು ಇಲ್ಲಿ ಬಿಟ್ಟದ್ದು ಅಲ್ಲಿ ಸ್ನಾನ ಮಾಡುವವರ ಪಾಲಿಗೆ ಹೋಗುತ್ತದೆ.

ಹಾಗಾದರೆ ಮಾಡುವುದೇನು? ಧರ್ಮಸಭೆಯ ಸಂಪ್ರದಾಯ ಸರಳವಾಗಿದೆ. ಆಶೀರ್ವದಿಸಿದ ವಸ್ತು ಕೆಟ್ಟುಹೋದರೆ, ಸುಡಬಹುದಾದುದನ್ನು ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸುವುದು. ಸುಡಲಾಗದುದನ್ನು ಜನರು ತುಳಿಯದ ಜಾಗದಲ್ಲಿ ಹೂಳುವುದು. ಪವಿತ್ರ ವಸ್ತುಗಳು ಖಾಸಗಿಯವರ ವಶದಲ್ಲಿದ್ದರೂ ಅವುಗಳನ್ನು ಭಕ್ತಿಗೌರವದಿಂದ ಕಾಣಬೇಕು, ಲೌಕಿಕ ಬಳಕೆಗೆ ತರಬಾರದು ಎಂಬುದು 1983ರ ಧರ್ಮಸಭಾ ಕಾನೂನು ಸಂಹಿತೆಯ 1171ನೇ ವಿಧಿ. ಹಿತ್ತಿಲ ತೆಂಗಿನ ಬುಡದಲ್ಲಿ ಒಂದು ಮೊಳದ ಗುಂಡಿ ತೋಡಿ, ಮನೆಯವರೆಲ್ಲ ನಿಂತು ಒಂದು ಪರಲೋಕ ಮಂತ್ರ ಹೇಳಿ ಹೂತರೆ ಮಾತೆಗೆ ಅಗೌರವವಾಗದು. ಹೊಟ್ಟೆ ಬಗೆದ ಪ್ಲಾಸ್ಟಿಕ್ ಚೀಲದಲ್ಲಿ ಗವಿಯ ಬಳಿ ಬಿಸಿಲಿಗೆ ಬಿದ್ದಿರುವುದೇ ಅಗೌರವ. ಗರಿಗಳ ವಿಷಯದಲ್ಲಂತೂ ದಾರಿ ಮೊದಲೇ ಇದೆ. ಹಳೆಯ ಗರಿಗಳನ್ನು ಬೂದಿ ಬುಧವಾರಕ್ಕೆ ಮುಂಚೆ ದೇವಾಲಯಕ್ಕೆ ಒಪ್ಪಿಸಿದರೆ ಅವು ಬೂದಿಯಾಗಿ ನಮ್ಮ ಹಣೆಗೇ ಹಿಂದಿರುಗುತ್ತವೆ. ಇಡೀ ವರ್ಷ ಪಟದ ಹಿಂದೆ ಸಿಕ್ಕಿಸಿಟ್ಟ ವಸ್ತುವೊಂದಕ್ಕೆ ಇಷ್ಟು ಚೆಂದದ ಮುಕ್ತಾಯ ಮತ್ತೆಲ್ಲಿಯೂ ಇರಲಾರದು. ಇನ್ನು ಕ್ಯಾಲೆಂಡರು, ಆಮಂತ್ರಣಪತ್ರ, ಹಬ್ಬದ ಕರಪತ್ರಗಳಲ್ಲಿ ಮುದ್ರಿತವಾದ ಚಿತ್ರಗಳು ಆಶೀರ್ವದಿಸಿದ ವಸ್ತುಗಳಲ್ಲ. ಗುಜರಿಯವನಿಗೆ ಕೊಟ್ಟರೆ ಬೋಂಡದ ಪೊಟ್ಟಣವಾದೀತೆಂಬ ಅಳುಕಿದ್ದರೆ ಸುಟ್ಟುಬಿಡಬಹುದು. ಮುವ್ವತ್ತು ವರ್ಷದ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಇಡುವ ಅಗತ್ಯವಿಲ್ಲ.

ಎಸೆಯುವ ಮುನ್ನ ತುಸು ತಡೆಯಿರಿ ಎನ್ನುವುದಕ್ಕೂ ನಮ್ಮ ಧರ್ಮಪ್ರಾಂತ್ಯದಲ್ಲೇ ಒಂದು ಐತಿಹ್ಯವಿದೆ. ಡೋರ್ನಹಳ್ಳಿಯ ಹೊಲದಲ್ಲಿ ಉಳುವಾಗ ಸಿಕ್ಕಿದ ಮರದ ಪ್ರತಿಮೆಯನ್ನು ರೈತನು ಬೊಂಬೆಯೆಂದೇ ಎಣಿಸಿದ್ದನಂತೆ. ಅದು ಸಂತ ಅಂತೋಣಿಯವರ ಪ್ರತಿಮೆಯೆಂದು ಬಲ್ಲವರು ಗುರುತಿಸಿದ್ದು ಆಮೇಲೆ. 2019ರಲ್ಲಿ ಬೆಸಿಲಿಕಾ ಪದವಿಗೇರಿದ ಆ ಪುಣ್ಯಕ್ಷೇತ್ರಕ್ಕೆ ಪ್ರತಿ ಜೂನ್ 13ರಂದು ಸಾವಿರಾರು ಜನ, ಎಲ್ಲ ಮತದವರೂ, ಹೋಗುತ್ತಾರೆ. ನಮ್ಮ ಅಜ್ಜಿಯರ ಟ್ರಂಕಿನೊಳಗೆ ಇಂಥ ಪವಾಡವೇನೂ ಇರಲಾರದು. ಆದರೆ ಜ್ಞಾನಸ್ನಾನದ ಚೀಟಿ, ಮದುವೆಯ ಪತ್ರ, ಹೊಲದ ಹಳೆಯ ಕಾಗದ, ಎರಡನೇ ವ್ಯಾಟಿಕನ್ ಮಹಾಸಭೆಗೂ ಮುಂಚಿನ ಪ್ರಾರ್ಥನೆಯ ಪುಸ್ತಕ, ಅದರ ಹಾಳೆಗಳ ನಡುವೆ ತೀರಿಕೊಂಡವರ ಸ್ಮರಣಚೀಟಿಗಳು ಇರುತ್ತವೆ. ಈ ಟ್ರಂಕನ್ನು ಅಜ್ಜಿ ಆಸ್ಪತ್ರೆಯಲ್ಲಿದ್ದಾಗಲೋ ಮಗಳ ಮನೆಗೆ ಹೋದಾಗಲೋ ತೆರೆದು ಖಾಲಿ ಮಾಡುವ ಪದ್ಧತಿಯೊಂದು ನಮ್ಮಲ್ಲಿ ಬೆಳೆಯುತ್ತಿದೆ. ಹಿರಿಯರು ಹಿಂದಿರುಗಿದಾಗ ಕೋಣೆ ಹೊಸದಾಗಿರುತ್ತದೆ, ಗೋಡೆಗೆ ಬಣ್ಣ ಬಂದಿರುತ್ತದೆ. ಅವರು ಮಾತ್ರ ಹಾಸಿಗೆಯ ಅಂಚಿನಲ್ಲಿ ಕುಳಿತು ಎದುರಿನ ಖಾಲಿ ಮೂಲೆಯನ್ನೇ ನೋಡುತ್ತಿರುತ್ತಾರೆ. ಇದನ್ನು ಶುಚಿತ್ವ ಎನ್ನಲು ನಮಗೆ ನಾಲಗೆ ಬಾರದು. ತಂದೆತಾಯಿಗಳನ್ನು ಗೌರವಿಸು ಎಂಬ ಕಟ್ಟಳೆಯಲ್ಲಿ ಅವರ ಪೆಟ್ಟಿಗೆಯೂ ಸೇರುತ್ತದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದನ್ನೇ ಕೈಗೆ ಕೊಟ್ಟು, ಇದು ಯಾರದಮ್ಮ ಎಂದು ಕೇಳುತ್ತಾ ವಿಂಗಡಿಸಿದರೆ ಎರಡು ದಿನ ಹೆಚ್ಚು ಹಿಡಿದೀತು. ಅಷ್ಟರಲ್ಲಿ ಮೊಮ್ಮಕ್ಕಳಿಗೆ ಮನೆತನದ ಚರಿತ್ರೆ ತಿಳಿದುಬಿಡುತ್ತದೆ. ಬೇಡವೆಂದು ಅವರೇ ಹೇಳಿದ ವಸ್ತುವನ್ನು ಬಿಡುವುದು ಅವರಿಗೂ ಹಗುರ.

ಬಟ್ಟೆಯ ಮಾತಿಗೆ ಬರೋಣ. ನಾಲ್ಕನೆಯ ಶತಮಾನದ ಸೆಸರಿಯದ ಧರ್ಮಾಧ್ಯಕ್ಷ ಸಂತ ಬೇಸಿಲರು, ಪೆಟ್ಟಿಗೆಯಲ್ಲಿ ನಾವು ಬಚ್ಚಿಟ್ಟ ಹೊದಿಕೆ ಬತ್ತಲೆ ಇರುವವನಿಗೆ ಸೇರಿದ್ದೆಂದು ಖಂಡತುಂಡವಾಗಿ ಬೋಧಿಸಿದರು. ಅಂದರೆ ಕೊಡುವುದು ಔದಾರ್ಯವಲ್ಲ, ಸಾಲ ತೀರಿಸುವುದು. ಸಾಲವನ್ನು ಹರಿದ ನೋಟಿನಲ್ಲಿ ತೀರಿಸಬಹುದೇ? 2018ರ ಆಗಸ್ಟ್‌ನಲ್ಲಿ ಕೊಡಗು ಭೂಕುಸಿತದಿಂದ ತತ್ತರಿಸಿದಾಗ ಹರಿದುಬಂದ ಸಹಾಯದ ನಡುವೆ, ಯಾರೂ ಉಡಲಾಗದ ಹಳೆಯ ಬಟ್ಟೆಗಳ ರಾಶಿಯೂ ಬಂದು, ಹಳೆಯ ಬಟ್ಟೆ ಕಳುಹಿಸಬೇಡಿರೆಂದು ಕೇಳಿಕೊಳ್ಳಬೇಕಾಯಿತು. ಮರುವರ್ಷ, 2019ರ ಆಗಸ್ಟ್‌ನಲ್ಲಿ, ಕಬಿನಿಯ ನೀರು ಮಲ್ಲನಮೂಲೆ ಮಠದ ಬಳಿ ನಮ್ಮದೇ ಹೆದ್ದಾರಿಯನ್ನು ಮುಳುಗಿಸಿತು. ಇಂದು ಕೊಡುವವರು ನಾಳೆ ಪರಿಹಾರ ಕೇಂದ್ರದ ಸಾಲಿನಲ್ಲಿ ನಿಂತೇವು. ಆಗ ನಮ್ಮ ಮಗಳಿಗೆ ಯಾವ ಬಟ್ಟೆ ಸಿಗಬೇಕೆಂದು ಬಯಸುತ್ತೇವೆಯೋ ಅದನ್ನೇ ಈಗ ಒಗೆದು, ಗುಂಡಿ ಹೊಲಿದು, ಮಡಿಸಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಕೈಗಿಡಬೇಕು. ಹರಿದದ್ದು ಒರೆಸುವ ಬಟ್ಟೆಯಾಗಲಿ. ನಮ್ಮ ತಾಯಂದಿರು ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದು ಹೊದಿಕೆ ಮಾಡುತ್ತಿದ್ದರು, ನವೆದ ಪಂಚೆ ಕೂಸಿನ ಲಂಗೋಟಿಯಾಗುತ್ತಿತ್ತು. ಅವರ ಮನೆಯಲ್ಲಿ ಕಸವೆಂಬುದು ಬಹಳ ತಡವಾಗಿ ಹುಟ್ಟುತ್ತಿತ್ತು.

ಎಸೆದದ್ದು ಎಲ್ಲಿಯೂ ಹೋಗುವುದಿಲ್ಲ. 2015 ಮತ್ತು 2016ರ ಸ್ವಚ್ಛತಾ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ಮೈಸೂರಿನಲ್ಲೂ ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ ಹಳೆಯ ಕಸ ಗುಡ್ಡವಾಗಿ ಬೆಳೆದು, ಸುತ್ತಲಿನ ಬಡಾವಣೆಗಳ ಜನ ವರ್ಷಗಟ್ಟಲೆ ಅದರ ನಾತವನ್ನು ಸಹಿಸಬೇಕಾಯಿತು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಎಸೆಯುವ ಸಂಸ್ಕೃತಿಯ ಕುರಿತು ಬರೆದಾಗ, ವಸ್ತುಗಳನ್ನು ಕಸವಾಗಿಸುವ ಆ ಸಂಸ್ಕೃತಿ ಮನುಷ್ಯರನ್ನೂ ಬದಿಗೊತ್ತುತ್ತದೆಂದು ಸೇರಿಸಿಯೇ ಹೇಳಿದರು. ಮೇಲೆ ಹೇಳಿದ ಟ್ರಂಕಿನ ಅಜ್ಜಿಯನ್ನು ನೆನೆದರೆ ಅದರ ಅರ್ಥ ಹೊಳೆಯುತ್ತದೆ.

ಈಗಿನ ಕಾಲದ ಎರಡನೆಯ ಅಟ್ಟ ನಮ್ಮ ಅಂಗಿಯ ಜೇಬಿನಲ್ಲಿದೆ. ಭಾರತದಲ್ಲಿ ಮೂವರಲ್ಲಿ ಒಬ್ಬರ ಫೋನಿನಲ್ಲಿ ಪ್ರತಿದಿನವೂ ಜಾಗ ಸಾಲದಾಗುತ್ತದೆಂದೂ, ಬೆಳಗಿನ ಶುಭಾಶಯದ ಚಿತ್ರಗಳೇ ಅದಕ್ಕೊಂದು ಮುಖ್ಯ ಕಾರಣವೆಂದೂ 2018ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಬರೆದು ನಮ್ಮನ್ನು ಲೋಕಪ್ರಸಿದ್ಧರನ್ನಾಗಿಸಿತು. ಗುಲಾಬಿ, ಸೂರ್ಯೋದಯ, ಅದರ ಕೆಳಗೊಂದು ಬೈಬಲ್ ವಚನ. ಕಳುಹಿಸಿದವರೂ ಓದಿರುವುದಿಲ್ಲ, ಪಡೆದವರೂ ಓದುವುದಿಲ್ಲ. ಇದನ್ನು ಅಳಿಸಿದರೆ ದೇವರ ವಾಕ್ಯವನ್ನು ಅಳಿಸಿದಂತಾಗುವುದೇ ಎಂದು ಮುಗ್ಧರಾಗಿ ಕೇಳುವವರಿಗೆ, ಆಗುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ವಾಕ್ಯವಿರುವುದು ಪವಿತ್ರ ಗ್ರಂಥದಲ್ಲಿ. ಅದು ಬಹುಶಃ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ, ಅದನ್ನು ಮೊದಲು ಒರೆಸೋಣ. ಟಿ.ವಿ.ಯನ್ನು ಆರಿಸಿ ಬೈಬಲನ್ನು ತೆರೆಯಲು, ಫೋನಿನಿಂದ ಬಿಡಿಸಿಕೊಂಡು ಶುಭಸಂದೇಶಕ್ಕೆ ಅಂಟಿಕೊಳ್ಳಲು ತಪಸ್ಸು ಕಾಲವೇ ತಕ್ಕ ಸಮಯವೆಂದು 2020ರ ಬೂದಿ ಬುಧವಾರದಂದು ಫ್ರಾನ್ಸಿಸರು ಹೇಳಿದ್ದರು.

ಇದಕ್ಕಿಂತ ಕೆಟ್ಟದ್ದು ಸರಪಳಿ ಪ್ರಾರ್ಥನೆ. ಹತ್ತು ಜನರಿಗೆ ಕಳುಹಿಸಿದರೆ ಶುಭವಾರ್ತೆ, ತಡೆದರೆ ಕೇಡು ಎಂಬ ಬೆದರಿಕೆ. ಇದು ಹೊಸದೇನಲ್ಲ, ಹಿಂದೆ ಸಂತ ಯೂದರ ಹೆಸರಿನಲ್ಲಿ ಜೆರಾಕ್ಸ್ ಮಾಡಿದ ಹಾಳೆಗಳನ್ನು ದೇವಾಲಯದ ಬೆಂಚುಗಳ ಮೇಲೆ ಇಟ್ಟುಹೋಗುತ್ತಿದ್ದರು. ವಾಟ್ಸಾಪ್ ಸಂಸ್ಥೆ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡುವಂತೆ ಮಿತಿ ಹಾಕಿದ್ದು ಸುಳ್ಳುಸುದ್ದಿಯಿಂದಾದ ಕೊಲೆಗಳ ಹಿನ್ನೆಲೆಯಲ್ಲಿ. ಹೆದರಿಸಿ ಮಾಡಿಸುವ ಪ್ರಾರ್ಥನೆಗೆ ನಾವೇ ನಮ್ಮ ಮನೆಗಳಲ್ಲಿ ಸೊನ್ನೆಯ ಮಿತಿ ಹಾಕಿಕೊಳ್ಳಬೇಕು. ನೆರೆಯವರ ಧರ್ಮವನ್ನು ಹೀಯಾಳಿಸುವ, ಯಾರದೋ ಮನೆಯ ಹುಡುಗಿಯ ಹೆಸರು ಕೆಡಿಸುವ ಸಂದೇಶಗಳಿಗೂ ಇದೇ ಮಾತು. ಫೋನಿನಿಂದ ಅಳಿಸಿದರಷ್ಟೇ ಸಾಲದು. ಮುಂದೆ ಕಳುಹಿಸಿದ್ದರೆ ಅದು ಪಾಪನಿವೇದನೆಗೆ ಒಯ್ಯಬೇಕಾದ ಸಂಗತಿ.

ಆದರೆ ಫೋನಿನಲ್ಲೂ ಅಜ್ಜಿಯ ಟ್ರಂಕು ಇದೆ. ತೀರಿಕೊಂಡ ತಂದೆ ಕಳುಹಿಸಿದ ಕೊನೆಯ ಧ್ವನಿಸಂದೇಶ, ಮಗುವಿನ ಜ್ಞಾನಸ್ನಾನದ ಚಿತ್ರ, ಪ್ರಥಮ ಪರಮಪ್ರಸಾದದ ದಿನದ ಬಿಳಿಯ ಉಡುಪು. ಹತ್ತು ಸಾವಿರ ಗುಲಾಬಿಗಳ ನಡುವೆ ಇವು ಹುದುಗಿವೆ. ಜಾಗ ಸಾಲದೆಂದು ಎಲ್ಲವನ್ನೂ ಒಟ್ಟಿಗೆ ಅಳಿಸುವವರು, ಎಲ್ಲವೂ ಗೂಗಲ್‌ನಲ್ಲಿ ಭದ್ರವಾಗಿದೆಯೆಂದು ನಂಬಿ ಕುಳಿತವರು, ಇಬ್ಬರೂ ತುಸು ಎಚ್ಚರ ವಹಿಸಬೇಕು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು, ಅದರೊಳಗಿನ ಚಿತ್ರಗಳ ಸಮೇತ, ಅಳಿಸಿಹಾಕುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ತೀರಿಕೊಂಡವರು ತಮ್ಮ ಖಾತೆಯನ್ನು ತೆರೆಯಲು ಬರುವುದಿಲ್ಲ. ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವ ನಾವು, ಅವರ ದನಿ ಉಳಿದಿರುವ ಫೋನು ಯಾವ ಡಬ್ಬಿಯಲ್ಲಿದೆಯೆಂದು ಒಮ್ಮೆ ಹುಡುಕಿ ನೋಡಬೇಕು. ನೂರು ಚಿತ್ರಗಳನ್ನು ಆರಿಸಿ ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿದರೆ ಅದೊಂದು ಆಲ್ಬಂ. ಕರೆಂಟು ಹೋದರೂ ತೆರೆಯುತ್ತದೆ.

ಮನೆಗಳಿಗೆ ಇಷ್ಟು ಹೇಳಿದ ಮೇಲೆ ದೇವಾಲಯದ ಉಗ್ರಾಣದ ಬಗ್ಗೆ ಸುಮ್ಮನಿರುವುದು ನ್ಯಾಯವಲ್ಲ. ಕೆಟ್ಟ ಮೈಕು, ಬಣ್ಣಗೆಟ್ಟ ಪ್ಲಾಸ್ಟಿಕ್ ಹೂವು, ಗೋದಲಿಯ ಕಿವಿ ಮುರಿದ ಕತ್ತೆ, ಯಾವುದೋ ಜುಬಿಲಿಯ ಬ್ಯಾನರು. ಧರ್ಮಕೇಂದ್ರದ ಪಾಲನಾ ಪರಿಷತ್ತು ಒಂದು ಶನಿವಾರ ಆ ಬೀಗವನ್ನೂ ತೆಗೆಯಲಿ.

ನಮ್ಮ ಸಲಹೆ ಇಷ್ಟು. ಗರಿಗಳ ಭಾನುವಾರಕ್ಕೆ ಎರಡು ವಾರ ಮುಂಚೆ ಪ್ರತಿ ಧರ್ಮಕೇಂದ್ರದಲ್ಲಿ ಒಂದು ದಿನ ಗೊತ್ತುಮಾಡೋಣ. ಬಲಿಪೂಜೆಯ ನಂತರ ಒಂದು ಮೇಜು, ಉಡಲು ಯೋಗ್ಯವಾದ ಬಟ್ಟೆಗೆ. ಇನ್ನೊಂದು, ಕೆಟ್ಟ ಫೋನು, ಚಾರ್ಜರು, ಬ್ಯಾಟರಿಗಳಿಗೆ. ಅವು ಒಣಕಸದ ಜೊತೆ ಹೋಗಬಾರದು, ಇ-ತ್ಯಾಜ್ಯ ಪಡೆಯುವವರಿಗೇ ತಲುಪಬೇಕು. ಮೂರನೆಯ ಮೇಜಿನಲ್ಲಿ ಕಾಲೇಜಿನ ಮಕ್ಕಳು ಕುಳಿತು ಹಿರಿಯರ ಫೋನಿನಿಂದ ಬೇಕಾದ ಚಿತ್ರ, ದನಿಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡಲಿ. ದೇವಾಲಯದ ಹಿಂಭಾಗದಲ್ಲಿ, ಜನ ತುಳಿಯದ ಕಡೆ, ಮುರಿದ ಪ್ರತಿಮೆ ಜಪಮಾಲೆಗಳಿಗೆ ಒಂದು ಗುಂಡಿ. ಗುರುಗಳು ಪ್ರಾರ್ಥಿಸಿ ಮಣ್ಣು ಹಾಕಿಸಲಿ. ಗುಂಡಿ ತೋಡಲು ನಾಲ್ವರು ಯುವಕರು ಸಾಕು. ಗುದ್ದಲಿ ನಂಜನಗೂಡಿನ ಕಡೆ ಯಾರ ಮನೆಯಲ್ಲಾದರೂ ಸಿಗುತ್ತದೆ.