ಮೆದುಳಿನ ರಕ್ತನಾಳದ ಸಿಕ್ಕು: ಗಾಯ ಮುಚ್ಚುವ ಮೊದಲೇ ತೆಗೆಯುವ ಚಿತ್ರ

ಹೈಬ್ರಿಡ್ ಶಸ್ತ್ರಕ್ರಿಯಾ ಕೊಠಡಿ ಎಂಬ ಹೆಸರು ಈಚಿನ ವರ್ಷಗಳಲ್ಲಿ ಮಹಾನಗರಗಳ ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತಿದೆ. ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ, ರೋಗಿಯನ್ನು ಮೇಜಿನಿಂದ ಕದಲಿಸದೆ, ಅವನ ರಕ್ತನಾಳಗಳ ಚಿತ್ರವನ್ನು ತೆಗೆಯುವ ಸಲಕರಣೆಯುಳ್ಳ ಕೊಠಡಿಯದು. ಇದರಿಂದಾಗುವ ಪ್ರಯೋಜನವೆಷ್ಟು, ಜಾಹೀರಾತಿನ ಆಡಂಬರವೆಷ್ಟು ಎಂಬುದನ್ನು ವಾಚಕರು ಅರಿತಿರುವುದೊಳಿತು. ಈ ಕೊಠಡಿಯು ಹೆಚ್ಚಾಗಿ ಒದಗುವ ರೋಗಗಳಲ್ಲೊಂದು ಬಹುಮಟ್ಟಿಗೆ ಇಪ್ಪತ್ತರಿಂದ ನಲವತ್ತರ ದುಡಿಯುವ ವಯಸ್ಸಿನಲ್ಲಿಯೇ ತಲೆದೋರುವಂಥದು.

ಹೃದಯದಿಂದ ರಭಸವಾಗಿ ಬರುವ ರಕ್ತವು ಧಮನಿಗಳಲ್ಲಿ ಹರಿದು, ಕೂದಲಿಗಿಂತ ಸೂಕ್ಷ್ಮವಾದ ಲೋಮನಾಳಗಳಲ್ಲಿ ತನ್ನ ವೇಗವನ್ನು ಕಳೆದುಕೊಂಡು, ಅನಂತರ ಅಭಿಧಮನಿಗಳ ಮೂಲಕ ಹಿಂದಿರುಗುತ್ತದೆ. ಕೆಲವರ ಮೆದುಳಿನಲ್ಲಿ ಒಂದೆಡೆ ಈ ಲೋಮನಾಳಗಳೇ ಇರುವುದಿಲ್ಲ. ಧಮನಿಯೂ ಅಭಿಧಮನಿಯೂ ನೂಲಿನ ಗಂಟಿನಂತೆ ಹೆಣೆದುಕೊಂಡಿರುತ್ತವೆ. ವೈದ್ಯರು ಇದನ್ನು ಎ.ವಿ.ಎಂ. ಎನ್ನುತ್ತಾರೆ. ಮಾಳಿಗೆಯ ಟಾಂಕಿಯ ದೊಡ್ಡ ಕೊಳವೆಯನ್ನು, ನಡುವೆ ನಲ್ಲಿಯಿಲ್ಲದೆ, ಮೋರಿಯ ತೆಳುಕೊಳವೆಗೆ ನೇರವಾಗಿ ಜೋಡಿಸಿದರೆ ಏನಾದೀತೆಂಬುದನ್ನು ಹೋಟೆಲಿನಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಇಂಥ ಸಿಕ್ಕುಳ್ಳ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು 2ರಿಂದ 4 ಮಂದಿಗೆ ಅದು ಒಡೆದು ರಕ್ತಸ್ರಾವವಾಗುವುದೆಂದು ಅಂದಾಜು.

ಇದನ್ನು ಕತ್ತರಿಸಿ ತೆಗೆಯುವುದಕ್ಕೆ ಒಂದು ಕ್ರಮವಿದೆ. ರಕ್ತವನ್ನು ತರುವ ಧಮನಿಗಳನ್ನು ಮೊದಲು ಒಂದೊಂದಾಗಿ ಮುಚ್ಚಬೇಕು; ಹೊರಗೊಯ್ಯುವ ಮುಖ್ಯ ಅಭಿಧಮನಿಯನ್ನು ಕಟ್ಟಕಡೆಗೆ. ಕ್ರಮ ತಪ್ಪಿದರೆ ಗಂಟು ಉಬ್ಬಿ ಮೇಜಿನ ಮೇಲೆಯೇ ಒಡೆದೀತು. ಕೆಂಪಾಗಿದ್ದ ಅಭಿಧಮನಿಯು ನೀಲಿಗೆ ತಿರುಗಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ಶಸ್ತ್ರವೈದ್ಯರ ಹಳೆಯ ಗುರುತು. ಆದರೆ ಮೆದುಳಿನ ಮಡಿಕೆಯಾಳದಲ್ಲಿ ಉಳಿದ ಚೂರು ಕಣ್ಣಿಗೆ ಬೀಳಲಾರದು. ಮುಕ್ಕಾಲು ಪಾಲು ತೆಗೆದರೆ ಮುಕ್ಕಾಲು ಪಾಲು ಅಪಾಯ ಕಳೆಯಿತೆಂಬ ಲೆಕ್ಕ ಇಲ್ಲಿ ನಡೆಯದು. ಉಳಿದ ತುಣುಕಿನಿಂದಲೂ ರಕ್ತಸ್ರಾವವಾಗಬಹುದು.

ನಾಳಗಳ ಚಿತ್ರ ತೆಗೆಯುವ ವಿದ್ಯೆಯೇನೋ ಹಳೆಯದೇ. ಪೋರ್ಚುಗಲ್ಲಿನ ವೈದ್ಯ ಎಗಾಸ್ ಮೊನಿಜ್ ಅವರು 1927ರಲ್ಲಿ ಮೆದುಳಿನ ನಾಳಗಳನ್ನು ಕ್ಷ-ಕಿರಣದಲ್ಲಿ ಕಾಣುವಂತೆ ಮಾಡಿದರು. ಆದರೆ ಶಸ್ತ್ರಕ್ರಿಯೆ ಮುಗಿಸಿ, ತಲೆಬುರುಡೆ ಮುಚ್ಚಿ, ರೋಗಿಯನ್ನು ಬೇರೆಡೆಗೆ ಸಾಗಿಸಿದ ಮೇಲೆಯೇ ಈ ಆಂಜಿಯೋಗ್ರಾಂ ತೆಗೆಯುವುದು ಅನೇಕ ಕಡೆಗಳಲ್ಲಿ ರೂಢಿ. ಚೂರು ಉಳಿದಿದ್ದರೆ ತಲೆಯನ್ನು ಮತ್ತೊಮ್ಮೆ ತೆರೆಯಬೇಕು. ಹೊಸ ಕೊಠಡಿಯಲ್ಲಿ ತೊಡೆಸಂದಿನ ಧಮನಿಯಿಂದ ನಳಿಕೆಯನ್ನೇರಿಸಿ, ಗಾಯ ತೆರೆದಿರುವಾಗಲೇ ನೋಡುತ್ತಾರೆ. ಔಷಧದ ಬಣ್ಣವು ಅಭಿಧಮನಿಯಲ್ಲಿ ಹೊತ್ತಿಗೆ ಮುಂಚೆ ಕಾಣಿಸಿದರೆ ಎಲ್ಲಿಯೋ ಅಡ್ಡದಾರಿ ಉಳಿದಿದೆಯೆಂದು ಅರ್ಥ; ಕೈ ಅಲ್ಲಿಯೇ ಮುಂದುವರಿಯುತ್ತದೆ. ಇಂಡೋಸಯನೀನ್ ಗ್ರೀನ್ ಎಂಬ ಇನ್ನೊಂದು ಬಣ್ಣವನ್ನು ರಕ್ತಕ್ಕೆ ಚುಚ್ಚಿ, ಸೂಕ್ಷ್ಮದರ್ಶಕದ ಕ್ಯಾಮರಾದಲ್ಲಿ ನಾಳಗಳು ಹೊಳೆಯುವುದನ್ನು ನೋಡುವ ಸರಳ ಕ್ರಮವೂ 2003ರಿಂದೀಚೆಗೆ ಹಬ್ಬಿದೆ. ಆದರೆ ಅದು ಮೇಲ್ಗಡೆ ತೆರೆದುಕೊಂಡಿರುವುದನ್ನು ಮಾತ್ರ ತೋರಿಸಬಲ್ಲುದು.

ಇಷ್ಟಾದರೂ, ಶಸ್ತ್ರಕ್ರಿಯೆ ಮಾಡಲೇಬೇಕೇ ಎಂಬ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಹೇಳದು. ಇನ್ನೂ ಒಡೆಯದ ಸಿಕ್ಕುಳ್ಳ 223 ರೋಗಿಗಳನ್ನು ಪರೀಕ್ಷಿಸಿದ ಅರೂಬಾ ಎಂಬ ಅಧ್ಯಯನವು 2014ರಲ್ಲಿ ಪ್ರಕಟವಾಯಿತು. ಸುಮಾರು 33 ತಿಂಗಳ ಅವಧಿಯಲ್ಲಿ ಪಾರ್ಶ್ವವಾಯು ಅಥವಾ ಮರಣಕ್ಕೆ ಈಡಾದವರು, ಕೇವಲ ಔಷಧೋಪಚಾರದ ಗುಂಪಿನಲ್ಲಿ ನೂರಕ್ಕೆ 10. ಸಿಕ್ಕನ್ನು ತೆಗೆಯಲು ಅಥವಾ ಮುಚ್ಚಲು ಕೈಹಾಕಿದ ಗುಂಪಿನಲ್ಲಿ ನೂರಕ್ಕೆ 30ಕ್ಕೂ ಮಿಕ್ಕಿ! ಅವಧಿ ಸಾಲದು, ಬಗೆಬಗೆಯ ಚಿಕಿತ್ಸೆಗಳನ್ನು ಒಂದೇ ತಕ್ಕಡಿಯಲ್ಲಿ ಹಾಕಿದರು ಎಂದು ಶಸ್ತ್ರವೈದ್ಯರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ, ಒಮ್ಮೆ ಒಡೆದ ಸಿಕ್ಕಿಗಂತೂ ಈ ಲೆಕ್ಕ ಅನ್ವಯಿಸದು. ಆದರೂ ಹೊಸ ಯಂತ್ರವಿದೆಯೆಂಬ ಒಂದೇ ಕಾರಣಕ್ಕೆ ಒಡೆಯದ ಸಿಕ್ಕಿಗೆ ಕತ್ತಿ ಹಚ್ಚಿಸುವುದು ವಿವೇಕವಲ್ಲವೆಂದೇ ನಮ್ಮ ಅಭಿಪ್ರಾಯ.

ಎಲ್ಲ ತಲೆನೋವೂ ಈ ರೋಗವಲ್ಲ. ಒಲೆಯ ಮುಂದೆ ಹಗಲೆಲ್ಲ ನಿಂತವನಿಗೆ ತಲೆ ನೋಯುವುದು ಸಹಜ. ಆದರೆ ಎಂದೂ ಕಾಣದ ಭಯಂಕರ ತಲೆನೋವು ಫಕ್ಕನೆ ಬಂದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಅಮೃತಾಂಜನ ತಿಕ್ಕಿ ಮಲಗಿಸಬಾರದು. ಮೊದಲ ಸಲ ಮೂರ್ಛೆ ಬಂದವನ ಮುಷ್ಟಿಯಲ್ಲಿ ಬೀಗದಕೈ ಇರಿಸಿ ಸುತ್ತ ನಿಲ್ಲುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಒಡನೆಯೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಹೈಬ್ರಿಡ್ ಕೊಠಡಿಯಿಲ್ಲದ ಆಸ್ಪತ್ರೆಯೆಲ್ಲ ಹೀನವೆಂದೇನೂ ಅಲ್ಲ. ಅಲ್ಲಿಯೂ ನುರಿತ ಕೈಗಳಿವೆ. ಸಿಕ್ಕು ಪೂರ್ತಿ ಹೋಗಿದೆಯೆಂಬುದಕ್ಕೆ ಆಂಜಿಯೋಗ್ರಾಂ ಯಾವಾಗ ತೆಗೆಯುವಿರಿ, ಚೂರು ಉಳಿದಿದ್ದರೆ ಮುಂದೇನು, ಎರಡನೆಯ ಸಲ ತೆರೆಯಬೇಕಾದರೆ ಅದರ ಖರ್ಚು ಯಾರದು ಎಂಬ ಪ್ರಶ್ನೆಗಳನ್ನು ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮೊದಲೇ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಬೇಕು.