ರಿಪೋರ್ಟಿನ ಅರ್ಥವನ್ನೂ ಹೇಳಲಿ

ನಾನು ಕಾಮರ್ಸ್ ವಿದ್ಯಾರ್ಥಿ. ಜೀನ್ ಬಗ್ಗೆ ಬರೆದರೆ ಸೈನ್ಸ್ ಗೆಳೆಯರು ನಗಬಹುದು. ಆದರೆ ಹೋದ ವರ್ಷ ಮಾಮುಗೆ ಮೆದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಗಡ್ಡೆ ಎಂದಾಗ, ಮನೆಯಲ್ಲಿ ಇಂಗ್ಲಿಷ್ ರಿಪೋರ್ಟು ಓದಬೇಕಾದವನು ನಾನೇ. 'ಎಂಜಿಎಂಟಿ ಅನ್‌ಮಿಥೈಲೇಟೆಡ್' ಎಂದಿತ್ತು. ಹಾಗೆಂದರೇನು ಎಂದು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ.

ನಮ್ಮ ಬಯಾಲಜಿ ಮೇಡಂ ಬಿಡಿಸಿ ಹೇಳಿದರು. ಟೆಮೊಜೊಲೊಮೈಡ್ ಎಂಬ ಕೀಮೋ ಔಷಧ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ಎಂಜಿಎಂಟಿ ಜೀನಿನಿಂದ ಬರುವ ಪ್ರೋಟೀನ್ ಆ ಹಾನಿಯನ್ನು ರಿಪೇರಿ ಮಾಡಿಬಿಡುತ್ತದೆ. ಕೆಲವರ ಗಡ್ಡೆಯಲ್ಲಿ ಈ ಜೀನಿಗೆ ಮಿಥೈಲ್ ಗುಂಪುಗಳು ಅಂಟಿಕೊಂಡು ಅದು ಸುಮ್ಮನಾಗಿರುತ್ತದೆ. ಅಂಥವರಿಗೆ ಔಷಧ ಚೆನ್ನಾಗಿ ಹಿಡಿಯುತ್ತದೆ. 2005ರಲ್ಲಿ ಪ್ರಕಟವಾದ ಮೋನಿಕಾ ಹೇಗಿ ತಂಡದ ಅಧ್ಯಯನದಲ್ಲಿ, ರೇಡಿಯೇಶನ್ ಜೊತೆ ಈ ಔಷಧ ಪಡೆದವರ ಪೈಕಿ ಜೀನ್ ಸುಮ್ಮನಾಗಿದ್ದವರು ಬದುಕಿದ ಮೀಡಿಯನ್ ಅವಧಿ 21.7 ತಿಂಗಳು, ಉಳಿದವರದು 12.7. ಮೀಡಿಯನ್ ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲೇ ಇದೆ: ಅರ್ಧ ಜನ ಅದಕ್ಕಿಂತ ಹೆಚ್ಚು ದಿನ ಇದ್ದರು. ಅಮ್ಮಿಗೆ ಅದನ್ನೂ ಹೇಳಿದೆ.

ಔಷಧ ಕೊಡಬಾರದಿತ್ತು ಎನ್ನುತ್ತಿಲ್ಲ, ಅದನ್ನು ಡಾಕ್ಟರೇ ನಿರ್ಧರಿಸಬೇಕು. ನನ್ನ ಸಿಟ್ಟು ಬೇರೆ. ಮಾಮು ಸುಧಾರಿಸದಿದ್ದಾಗ ನೋಡಲು ಬಂದ ಬಂಧುಗಳು 'ಹಿಮ್ಮತ್ ಇಲ್ಲ, ಅದಕ್ಕೇ ಮದ್ದು ನಾಟುತ್ತಿಲ್ಲ' ಎಂದರು. ಮಾಮು ಅದನ್ನು ನಂಬಿ, ಅಮ್ಮಿಯ ಹತ್ತಿರ ಮಾಫಿ ಕೇಳಿದರು. ತಪ್ಪು ಅವರದಲ್ಲ ಎಂಬುದು ಆ ರಿಪೋರ್ಟಿನಲ್ಲೇ ಇತ್ತು.

ಟೆಸ್ಟಿಗೆ ದುಡ್ಡು ಪಡೆದ ಮೇಲೆ ಉರ್ದುವಿನಲ್ಲೋ ಕನ್ನಡದಲ್ಲೋ, ಹತ್ತು ನಿಮಿಷ ಕೂತು ಅದರ ಅರ್ಥ ಹೇಳುವುದೂ ಆಸ್ಪತ್ರೆಯ ಕೆಲಸವೇ.