ರಾತ್ರಿ ವಿಮಾನದ ಬೇಡಿಕೆ ಮತ್ತು ನೆಲದ ದೀಪಗಳು

ಬಾಗಲಕೋಟೆ ಜಿಲ್ಲೆಗೆ ತನ್ನದೇ ಆದ ವಿಮಾನ ನಿಲ್ದಾಣವಿಲ್ಲ. ಇಳಕಲ್ಲಿನ ಗ್ರಾನೈಟ್ ಉದ್ಯಮಿಯಾಗಲಿ, ಹುನಗುಂದದ ಕಾಳುಕಡಿ ವರ್ತಕನಾಗಲಿ, ಬಾದಾಮಿಯ ಹೋಟೆಲು ಮಾಲೀಕನಾಗಲಿ ಹುಬ್ಬಳ್ಳಿಯನ್ನೋ ಬೆಳಗಾವಿಯನ್ನೋ ಅವಲಂಬಿಸಬೇಕಾಗಿದೆ. ಹಗಲಿನ ವ್ಯವಹಾರ ಕೆಡದಂತೆ ರಾತ್ರಿ ಮರಳುವ ವಿಮಾನ ಬೇಕೆಂಬ ಬೇಡಿಕೆ ಸಹಜವೇ. ಆದರೆ ಅಂಥ ಮನವಿಗಳಲ್ಲಿ ನೆಲದ ದೀಪಗಳ ಪ್ರಸ್ತಾಪ ಕಾಣುವುದು ವಿರಳ.

ವಿಮಾನದ ಅಪಾಯವೆಲ್ಲ ಆಕಾಶದಲ್ಲಿಯೇ ಇದೆಯೆಂಬ ಭಾವನೆ ಸರಿಯಲ್ಲ. ಕತ್ತಲಾದ ಮೇಲೆ ರನ್‌ವೇಯವರೆಗೆ ಚಕ್ರದ ಮೇಲೆ ಸಾಗುವ ಪೈಲಟ್‌ಗೆ ಫಲಕಗಳೂ ಬಣ್ಣದ ದೀಪಗಳೂ ಗತಿ: ಟ್ಯಾಕ್ಸಿವೇಯ ಅಂಚಿಗೆ ನೀಲಿ, ನಡುಗೆರೆಗೆ ಹಸಿರು, ರನ್‌ವೇಯ ಅಂಚಿಗೆ ಬಿಳಿ. ಸಣ್ಣ ನಿಲ್ದಾಣಗಳಲ್ಲಿ ಹಸಿರು ದೀಪಗಳಿರುವುದೂ ಅಪರೂಪ.

2000ದ ಅಕ್ಟೋಬರ್ 31ರ ರಾತ್ರಿ, ಚಂಡಮಾರುತದ ಮಳೆಗಾಳಿಯ ನಡುವೆ, ತೈಪೆಯಲ್ಲಿ ಸಿಂಗಪುರ ಏರ್‌ಲೈನ್ಸ್ ವಿಮಾನವೊಂದು ಕಾಮಗಾರಿಗಾಗಿ ಮುಚ್ಚಿದ್ದ ರನ್‌ವೇಗೆ ತಿರುಗಿ, ಓಟ ಆರಂಭಿಸಿ, ಅಲ್ಲಿದ್ದ ಯಂತ್ರಗಳಿಗೆ ಬಡಿಯಿತು. 179 ಜನರಲ್ಲಿ 83 ಮಂದಿ ಮೃತಪಟ್ಟರು. ಪೈಲಟ್‌ಗಳು ತಾವಿರುವ ಸ್ಥಳವನ್ನು ತಾಳೆ ನೋಡಲಿಲ್ಲವೆಂಬುದು ನಿಜ. ಆದರೆ ಸರಿಯಾದ ರನ್‌ವೇಗೆ ಒಯ್ಯುವ ಹಸಿರು ದೀಪಗಳಲ್ಲಿ ಒಂದು ಆರಿತ್ತು, ಇನ್ನೊಂದು ಮಂಕಾಗಿತ್ತು ಎಂಬುದನ್ನೂ ತನಿಖೆ ದಾಖಲಿಸಿತು. ಒಂದು ಬಲ್ಬಿನ ಬೆಲೆ ಎಷ್ಟಿದ್ದೀತು?

ನಮ್ಮ ದೇಶದಲ್ಲಿಯೂ 2017ರ ಸೆಪ್ಟೆಂಬರ್ 5ರ ನಸುಕಿನಲ್ಲಿ ಕೊಚ್ಚಿಗೆ ಇಳಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ನಿಲುಗಡೆಯತ್ತ ಸಾಗುವಾಗ ಮಳೆಯಲ್ಲಿ ದಾರಿ ತಪ್ಪಿ ಚರಂಡಿಗೆ ಸಿಲುಕಿತು. ಹುಬ್ಬಳ್ಳಿಯದು ಸ್ವಲ್ಪ ಬೇರೆ. 2015ರ ಮಾರ್ಚ್ 8ರಂದು ಕತ್ತಲಾದ ಮೇಲೆ ಮಳೆಯಲ್ಲಿ ಇಳಿದ ಸ್ಪೈಸ್‌ಜೆಟ್ ವಿಮಾನ, ಪೈಲಟ್‌ಗೆ ಕಣ್ಣಳತೆಯ ಆಧಾರ ತಪ್ಪಿ, ರನ್‌ವೇ ಬಿಟ್ಟು ಸರಿಯಿತು. ಎರಡೂ ಕಡೆ ಪ್ರಾಣಹಾನಿಯಾಗಲಿಲ್ಲ. ಆದರೆ ಹುಬ್ಬಳ್ಳಿಯಲ್ಲಿರುವುದು ಒಂದೇ ರನ್‌ವೇ. ಒಂದು ವಿಮಾನ ಅಡ್ಡ ನಿಂತರೆ ಉಳಿದವೆಲ್ಲ ರದ್ದು. ಇಳಕಲ್ಲಿಗೆ ಕಲ್ಲು ನೋಡಲು ಹೊರಟ ಗಿರಾಕಿ ಬೆಂಗಳೂರಿನಿಂದಲೇ ಹಿಂದಿರುಗುತ್ತಾನೆ.

ಲೆಕ್ಕಪತ್ರ ಬಲ್ಲವರಿಗೆ ಇದರ ಮೂಲ ಅಪರಿಚಿತವಲ್ಲ. ಹೊಸ ಟರ್ಮಿನಲ್ ಬಂಡವಾಳ ವೆಚ್ಚ. ಅದಕ್ಕೆ ಶಂಕುಸ್ಥಾಪನೆ, ಉದ್ಘಾಟನೆ, ಭಾವಚಿತ್ರ ಎಲ್ಲವೂ ಉಂಟು. ಆರಿದ ದೀಪ ಬದಲಿಸುವುದು, ಮಾಸಿದ ಹಳದಿ ಗೆರೆಗೆ ಬಣ್ಣ ಬಳಿಯುವುದು ನಿರ್ವಹಣಾ ವೆಚ್ಚ. ಮಿತವ್ಯಯದ ಸುತ್ತೋಲೆ ಬಂದಾಗ ಮೊದಲ ಕತ್ತರಿ ಅದಕ್ಕೇ. ಇದು ಸರ್ಕಾರಿ ಸಂಸ್ಥೆಗಳಿಗಷ್ಟೇ ಸೀಮಿತವಾದ ರೋಗವೂ ಅಲ್ಲ. ತಮ್ಮ ಕಾರ್ಖಾನೆಯ ಅಂಗಳದಲ್ಲಿ ರಾತ್ರಿ ಹಿಂದಕ್ಕೆ ಸರಿಯುವ ಲಾರಿಗೆ ದೀಪವಿದೆಯೇ ಎಂದು ಮಾಲೀಕರು ಒಮ್ಮೆ ನೋಡಿಕೊಳ್ಳುವುದು ಒಳಿತು.

ವಿಮಾನ ನಿಲ್ದಾಣದ ಸಲಹಾ ಸಮಿತಿಗಳಲ್ಲಿ ಕುಳಿತುಕೊಳ್ಳುವ ವಾಣಿಜ್ಯ ಸಂಸ್ಥೆಗಳ ಪ್ರತಿನಿಧಿಗಳು ಹೊಸ ಮಾರ್ಗ ಕೇಳುವ ಮುನ್ನ ಬೇರೆ ಮಾಹಿತಿ ಕೇಳಬೇಕು: ಕಳೆದ ತಿಂಗಳು ಎಷ್ಟು ದೀಪ ಆರಿದ್ದವು, ಎಷ್ಟು ದಿನದಲ್ಲಿ ಬದಲಾದವು, ಮಳೆಗಾಲಕ್ಕೆ ಮುಂಚೆ ಗೆರೆಗಳಿಗೆ ಬಣ್ಣವಾಯಿತೇ? ವಿಜಯಪುರದ ಬಳಿ 2021ರಲ್ಲಿ ಕಾಮಗಾರಿ ಆರಂಭವಾದ ನಿಲ್ದಾಣದ ಬಗೆಗೂ, ನಿರ್ವಹಣೆಗೆ ವರ್ಷಕ್ಕೆ ಎಷ್ಟು ಹಣ ತೆಗೆದಿರಿಸಲಾಗುವುದೆಂದು ಲಿಖಿತವಾಗಿ ಕೇಳುವ ಹಕ್ಕು ಅವರಿಗಿದೆ.